ದ್ವಿಸದನ ಸಂಸತ್ತು: ರಚನೆ ಮತ್ತು ಶಾಸನಕ್ರಮ

ರಾಷ್ಟ್ರದ ಶಾಸನಾಧಿಕಾರವನ್ನು ಒಂದೇ ಸಭೆಯ ವಶಕ್ಕೆ ಒಪ್ಪಿಸದೆ, ಆಯ್ಕೆಯ ಕ್ರಮದಲ್ಲಿಯೂ ಅಧಿಕಾರಾವಧಿಯಲ್ಲಿಯೂ ಪರಸ್ಪರ ಭಿನ್ನವಾದ ಎರಡು ಸದನಗಳಿಗೆ ಹಂಚಿ, ಸಾಮಾನ್ಯವಾಗಿ ಅವೆರಡರ ಸಮ್ಮತಿಯೂ ದೊರೆತ ಹೊರತು ಯಾವ ಮಸೂದೆಯೂ ಕಾಯಿದೆಯಾಗಕೂಡದೆಂದು ನಿಯಮಿಸುವ ವ್ಯವಸ್ಥೆಗೆ ದ್ವಿಸದನ ಪದ್ಧತಿಯೆಂದು ಹೆಸರು. ಭಾರತದ ಸಂಸತ್ತು ಈ ಪದ್ಧತಿಯದು. ಕರ್ನಾಟಕದ ವಿಧಾನಮಂಡಲವೂ ಅಂಥದೇ. ತುಮಕೂರು ಜಿಲ್ಲೆಯ ಶೆಟ್ಟಿಕೆರೆ ಹೋಬಳಿಯ ತೆಂಗು ಬೆಳೆಗಾರನೊಬ್ಬನನ್ನು ನಿದರ್ಶನವಾಗಿ ಇಟ್ಟುಕೊಂಡರೆ, ಅವನು ತುಮಕೂರು ಕ್ಷೇತ್ರದ ಮತದಾರನಾಗಿ ಲೋಕಸಭೆಯಲ್ಲಿಯೂ, ಕರ್ನಾಟಕ ರಾಜ್ಯದ ಪ್ರಜೆಯಾಗಿ ರಾಜ್ಯಸಭೆಯಲ್ಲಿಯೂ, ಚಿಕ್ಕನಾಯಕನಹಳ್ಳಿ ಕ್ಷೇತ್ರದ ಮತದಾರನಾಗಿ ವಿಧಾನಸಭೆಯಲ್ಲಿಯೂ, ತನ್ನ ಗ್ರಾಮ ಪಂಚಾಯಿತಿಯ ಸದಸ್ಯರ ಮುಖಾಂತರ ವಿಧಾನಪರಿಷತ್ತಿನಲ್ಲಿಯೂ ಪ್ರಾತಿನಿಧ್ಯ ಪಡೆದಿರುತ್ತಾನೆ. ಒಬ್ಬನೇ ಪ್ರಜೆಯನ್ನು ಹೀಗೆ ಬೇರೆ ಬೇರೆ ನೆಲೆಗಳಿಂದ ಕಾಣುವುದು, ಒಂದೇ ಮಸೂದೆಯನ್ನು ಎರಡು ಸಲ ವಿಚಾರಿಸುವುದು, ಇವೆರಡೂ ದ್ವಿಸದನ ಪದ್ಧತಿಯ ಮೂಲೋದ್ದೇಶಗಳು.

ಉದ್ದೇಶ ಮತ್ತು ಹಿನ್ನೆಲೆ

ಎರಡನೆಯ ಸದನ ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ಕಾರಣಗಳಿಂದ ಹುಟ್ಟಿತು. ಇಂಗ್ಲೆಂಡಿನಲ್ಲಿ ಕುಲೀನರೂ ಧರ್ಮಾಧಿಕಾರಿಗಳೂ ಪ್ರಜಾಪ್ರತಿನಿಧಿಗಳಿಂದ ಪ್ರತ್ಯೇಕವಾಗಿ ಕುಳಿತ ಐತಿಹಾಸಿಕ ಸಂದರ್ಭದಿಂದ ಅದು ಬೆಳೆಯಿತು. 1911ರ ಪಾರ್ಲಿಮೆಂಟ್ ಕಾಯಿದೆ ಆ ಕುಲೀನಸಭೆಯ ನಿಷೇಧಾಧಿಕಾರವನ್ನು ಬಹುಮಟ್ಟಿಗೆ ಮೊಟಕುಗೊಳಿಸಿತು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 1787ರ ಸಂವಿಧಾನ ಸಮ್ಮೇಳನವು ದೊಡ್ಡ ರಾಜ್ಯಗಳಿಗೂ ಚಿಕ್ಕ ರಾಜ್ಯಗಳಿಗೂ ನಡೆದ ವಿವಾದವನ್ನು ಪರಿಹರಿಸಲು, ಜನಸಂಖ್ಯೆಗೆ ಅನುಗುಣವಾದ ಒಂದು ಸಭೆಯನ್ನೂ ಪ್ರತಿ ರಾಜ್ಯಕ್ಕೆ ಸಮಾನವಾಗಿ ಇಬ್ಬರು ಸದಸ್ಯರುಳ್ಳ ಸೆನೆಟ್ಟನ್ನೂ ಏರ್ಪಡಿಸಿತು. ಭಾರತದಲ್ಲಿ 1919ರ ಕಾಯಿದೆಯಿಂದಲೇ ಕೇಂದ್ರದಲ್ಲಿ ಎರಡು ಸದನಗಳಿದ್ದವು. ಸ್ವತಂತ್ರ ಭಾರತದ ಸಂವಿಧಾನವನ್ನು ರಚಿಸಿದ ಸಭೆಯಲ್ಲಿ ಎರಡನೆಯ ಸದನವು ಕಾಲಹರಣಕ್ಕೆ ದಾರಿಯೆಂದು ಆಕ್ಷೇಪಿಸಿದವರೂ ಇದ್ದರು. ಆದರೆ ಕ್ಷಣಿಕ ಆವೇಶದಲ್ಲಿ ಹುಟ್ಟಿದ ಶಾಸನವನ್ನು ಸ್ವಲ್ಪಕಾಲ ತಡೆದು, ಅನುಭವಸ್ಥರ ಚರ್ಚೆಗೆ ಒಳಪಡಿಸುವ ಸಭೆಯೊಂದು ಆವಶ್ಯಕವೆಂದು ಎನ್. ಗೋಪಾಲಸ್ವಾಮಿ ಅಯ್ಯಂಗಾರರು ಮಂಡಿಸಿದ ವಾದವೇ ನಿಂತಿತು.

ಮೈಸೂರಿನ ಪೂರ್ವಪರಂಪರೆ

ಕನ್ನಡನಾಡಿಗೆ ಎರಡು ಸಭೆಗಳ ಪರಿಚಯ ಸಂವಿಧಾನಕ್ಕಿಂತಲೂ ಹಳೆಯದು. 1881ರಲ್ಲಿ ಮೈಸೂರು ರಾಜ್ಯ ಒಡೆಯರ ವಶಕ್ಕೆ ಮರಳಿದ ವರ್ಷವೇ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸಿದರು. ತಾಲ್ಲೂಕುಗಳಿಂದ ಬಂದ ರೈತಪ್ರಮುಖರೂ ವರ್ತಕರೂ ಸೇರಿ 144 ಮಂದಿ ಆ ವರ್ಷದ ಅಕ್ಟೋಬರ್ 7ರಂದು, ದಸರೆಯ ಸಂದರ್ಭದಲ್ಲಿ, ಮೈಸೂರಿನಲ್ಲಿ ಕೂಡಿದರು. ಆ ಸಭೆಗೆ ಶಾಸನಮಾಡುವ ಅಧಿಕಾರವಿರಲಿಲ್ಲ. ಸರ್ಕಾರದ ಆಯವ್ಯಯದ ವಿವರಣೆಯನ್ನು ಕೇಳಿ, ತಮ್ಮ ತಮ್ಮ ಸೀಮೆಯ ಕಷ್ಟಗಳನ್ನು ಅರಿಕೆ ಮಾಡಿಕೊಳ್ಳುವುದಷ್ಟೇ ಸದಸ್ಯರ ಹಕ್ಕು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿ.ಪಿ. ಮಾಧವರಾಯರು ದಿವಾನರಾಗಿದ್ದ 1907ರಲ್ಲಿ, ಕಾಯಿದೆಗಳನ್ನು ರಚಿಸುವುದಕ್ಕಾಗಿ ನ್ಯಾಯವಿಧಾಯಕ ಸಭೆಯೆಂಬ ಎರಡನೆಯ ಸಂಸ್ಥೆ ಹುಟ್ಟಿತು.

ಬ್ರಜೇಂದ್ರನಾಥ ಸೀಲರ ಅಧ್ಯಕ್ಷತೆಯ ಸಮಿತಿಯ ಶಿಫಾರಸನ್ನು ಅನುಸರಿಸಿ 1923ರಲ್ಲಿ ಇವೆರಡಕ್ಕೂ ಶಾಸನಬದ್ಧ ಸ್ವರೂಪ ದೊರೆಯಿತು. ಪ್ರಜಾಪ್ರತಿನಿಧಿ ಸಭೆಗೆ 250, ನ್ಯಾಯವಿಧಾಯಕ ಸಭೆಗೆ 50 ಸದಸ್ಯರೆಂದು ನಿಗದಿಯಾಯಿತು. ಆ ಏರ್ಪಾಡಿನಲ್ಲಿ ಒಂದು ವೈಶಿಷ್ಟ್ಯವುಂಟು: ತುರ್ತಿನ ಸಂದರ್ಭವನ್ನುಳಿದು, ಮಸೂದೆಯ ಸಾಮಾನ್ಯ ತತ್ತ್ವವನ್ನು ಮೊದಲು ಹಿರಿದಾದ ಪ್ರಜಾಪ್ರತಿನಿಧಿ ಸಭೆಯ ಮುಂದಿಟ್ಟು ಅಭಿಪ್ರಾಯ ಪಡೆದು, ಅನಂತರ ಅದರ ವಿವರಗಳನ್ನು ಕಿರಿದಾದ ನ್ಯಾಯವಿಧಾಯಕ ಸಭೆ ಪರಿಶೀಲಿಸುತ್ತಿತ್ತು. ತತ್ತ್ವಕ್ಕೆ ಒಂದು ಸಭೆ, ವಿವರಕ್ಕೆ ಇನ್ನೊಂದು ಸಭೆಯೆಂಬ ಈ ವಿಭಾಗ ಇಂದಿನ ದ್ವಿಸದನ ಪದ್ಧತಿಯಲ್ಲಿಲ್ಲ. ಇಂದು ಎರಡು ಸದನಗಳೂ ತತ್ತ್ವವನ್ನೂ ವಿವರವನ್ನೂ ಪ್ರತ್ಯೇಕವಾಗಿ ವಿಚಾರಿಸತಕ್ಕವು. ರಾಜ್ಯಶಾಸ್ತ್ರವನ್ನು ಕನ್ನಡದಲ್ಲಿ ಬರೆದು ಪ್ರಸಿದ್ಧರಾದ ಡಿ.ವಿ. ಗುಂಡಪ್ಪನವರು ನ್ಯಾಯವಿಧಾಯಕ ಸಭೆಯ ಸದಸ್ಯರಾಗಿದ್ದರು. 1949ರ ಡಿಸೆಂಬರಿನಲ್ಲಿ ಎರಡು ಸಭೆಗಳೂ ವಿಸರ್ಜಿತವಾದವು. 1952ರಲ್ಲಿ ಹೊಸ ಸಂವಿಧಾನದಂತೆ 99 ಸದಸ್ಯರ ವಿಧಾನಸಭೆಯೂ 40 ಸದಸ್ಯರ ವಿಧಾನಪರಿಷತ್ತೂ ಅವುಗಳ ಸ್ಥಾನಕ್ಕೆ ಬಂದವು.

ಸಂಸತ್ತಿನ ರಚನೆ

ಸಂವಿಧಾನದ 79ನೆಯ ಅನುಚ್ಛೇದದಂತೆ ಸಂಸತ್ತೆಂದರೆ ರಾಷ್ಟ್ರಪತಿ ಮತ್ತು ಎರಡು ಸದನಗಳು. ಲೋಕಸಭೆಯ 543 ಸದಸ್ಯರನ್ನು ಹದಿನೆಂಟು ವರ್ಷ ತುಂಬಿದ ಮತದಾರರು ನೇರವಾಗಿ ಚುನಾಯಿಸುತ್ತಾರೆ. ಇವರಲ್ಲಿ 28 ಮಂದಿ ಕರ್ನಾಟಕದವರು. ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆ, ಗುಬ್ಬಿ, ತುಮಕೂರು ನಗರ, ತುಮಕೂರು ಗ್ರಾಮಾಂತರ, ಕೊರಟಗೆರೆ, ಮಧುಗಿರಿ ಎಂಬ ಎಂಟು ವಿಧಾನಸಭಾ ಕ್ಷೇತ್ರಗಳು ಸೇರಿ ತುಮಕೂರು ಲೋಕಸಭಾ ಕ್ಷೇತ್ರವಾಗುತ್ತದೆ. ಲೋಕಸಭೆಯ ಅವಧಿ ಐದು ವರ್ಷ. ಅದಕ್ಕೆ ಮುಂಚೆಯೇ ಅದು ವಿಸರ್ಜಿತವಾಗಬಹುದು. ಮಂತ್ರಿಮಂಡಲವು ಸಾಮೂಹಿಕವಾಗಿ ಹೊಣೆಯಾಗಿರುವುದು ಈ ಸದನಕ್ಕೆ ಮಾತ್ರ.

ರಾಜ್ಯಸಭೆಗೆ ವಿಸರ್ಜನೆಯೆಂಬುದಿಲ್ಲ. ಅದರ ಸದಸ್ಯರ ಅವಧಿ ಆರು ವರ್ಷ. ಎರಡು ವರ್ಷಕ್ಕೊಮ್ಮೆ ಮೂರನೆಯ ಒಂದು ಭಾಗದವರು ನಿವೃತ್ತರಾಗುತ್ತಾರೆ. ಸಂವಿಧಾನ ಗೊತ್ತುಮಾಡಿದ ಪರಮಾವಧಿ ಸಂಖ್ಯೆ 250, ಈಗಿರುವುದು 245. ಇವರಲ್ಲಿ 12 ಮಂದಿಯನ್ನು ಸಾಹಿತ್ಯ, ವಿಜ್ಞಾನ, ಕಲೆ, ಸಮಾಜಸೇವೆಗಳಲ್ಲಿನ ವಿಶೇಷ ಅನುಭವಕ್ಕಾಗಿ ರಾಷ್ಟ್ರಪತಿ ನಾಮಕರಣ ಮಾಡುತ್ತಾರೆ. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು 2022ರಲ್ಲಿ ಹೀಗೆ ನಾಮಕರಣಗೊಂಡವರು. ಉಳಿದವರನ್ನು ರಾಜ್ಯಗಳ ಶಾಸಕರು ಆರಿಸುತ್ತಾರೆ. ಅಮೆರಿಕದಲ್ಲಿರುವಂತೆ ರಾಜ್ಯರಾಜ್ಯಗಳಿಗೆ ಸಮಾನ ಸ್ಥಾನವಿಲ್ಲ. ಜನಸಂಖ್ಯೆಯನ್ನು ನೋಡಿ ಸ್ಥಾನಗಳನ್ನು ಹಂಚಲಾಗಿದ್ದು, ಕರ್ನಾಟಕಕ್ಕೆ 12 ದೊರೆತಿವೆ.

ಈ ಚುನಾವಣೆಯ ರೀತಿ ಸಾರ್ವತ್ರಿಕ ಚುನಾವಣೆಯದಕ್ಕಿಂತ ತೀರ ಬೇರೆಯಾದುದು. ವಿಧಾನಸೌಧದ ಮತದಾನದ ಕೊಠಡಿಯಲ್ಲಿ ಶಾಸಕನು ಚುನಾವಣಾ ಆಯೋಗ ಕೊಟ್ಟ ನೇರಳೆ ಬಣ್ಣದ ಲೇಖನಿಯಿಂದ ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ತನ್ನ ಪ್ರಾಶಸ್ತ್ಯಕ್ರಮವನ್ನು ಬರೆದು, ಪೆಟ್ಟಿಗೆಗೆ ಹಾಕುವ ಮೊದಲು ತನ್ನ ಪಕ್ಷದ ಏಜೆಂಟರಿಗೆ ಮತಪತ್ರವನ್ನು ತೋರಿಸತಕ್ಕದ್ದು; ಈ ಬಹಿರಂಗ ಮತದಾನ 2003ರ ತಿದ್ದುಪಡಿಯಿಂದ ಬಂದುದು. ನಾಲ್ಕು ಸ್ಥಾನಗಳು ಒಮ್ಮೆಗೆ ತೆರವಾದಾಗ, 224 ಮತಗಳನ್ನು ಐದರಿಂದ ಭಾಗಿಸಿ, ಭಿನ್ನಾಂಶವನ್ನು ಬಿಟ್ಟು, ಒಂದನ್ನು ಕೂಡಿಸಿದರೆ ಬರುವ 45 ಮತಗಳು ಗೆಲುವಿಗೆ ಸಾಕು. ಹೆಚ್ಚುವರಿಯಾದ ಮತಗಳು ಎರಡನೆಯ ಪ್ರಾಶಸ್ತ್ಯಕ್ಕೆ ವರ್ಗವಾಗುವುದರಿಂದ, ವಿಧಾನಸಭೆಯಲ್ಲಿ ಅಲ್ಪಸಂಖ್ಯೆಯಲ್ಲಿರುವ ಪಕ್ಷಕ್ಕೂ ಅದರ ಬಲಕ್ಕೆ ತಕ್ಕ ಪಾಲು ಸಿಗುತ್ತದೆ.

ಎರಡು ಸದನಗಳ ಸಂಬಂಧವನ್ನು ಎಚ್.ಡಿ. ದೇವೇಗೌಡರ ರಾಜಕೀಯ ಜೀವನ ಚೆನ್ನಾಗಿ ವಿಶದಪಡಿಸುತ್ತದೆ. 1996ರಲ್ಲಿ ಪ್ರಧಾನಮಂತ್ರಿಯಾದ ಅವರು ಅನಂತರ ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾದರು; ಪ್ರಧಾನಿ ಯಾವ ಸದನದವರಾದರೂ ಆಗಬಹುದೆಂಬುದಕ್ಕೆ ಇದು ಸಾಕ್ಷಿ. ಆದರೆ 1997ರ ಏಪ್ರಿಲ್ 11ರಂದು ಅವರ ಸರ್ಕಾರ ಉರುಳಿದುದು ಲೋಕಸಭೆಯ ವಿಶ್ವಾಸಮತದಲ್ಲಿ. 2019ರಲ್ಲಿ ತುಮಕೂರಿನ ಮತದಾರರು ಅವರನ್ನು ಲೋಕಸಭೆಗೆ ಕಳುಹಿಸಲಿಲ್ಲ. ಮರುವರ್ಷ ರಾಜ್ಯದ ಶಾಸಕರು ಅವರನ್ನು ಅವಿರೋಧವಾಗಿ ರಾಜ್ಯಸಭೆಗೆ ಕಳುಹಿಸಿದರು. ಹೀಗೆ ಒಂದು ದ್ವಾರ ಮುಚ್ಚಿದಾಗ ಇನ್ನೊಂದು ತೆರೆಯುವುದನ್ನು ಅನುಭವದ ರಕ್ಷಣೆಯೆಂದು ಹೊಗಳುವವರೂ, ಜನಾಭಿಪ್ರಾಯದ ಉಲ್ಲಂಘನೆಯೆಂದು ಟೀಕಿಸುವವರೂ ಇದ್ದಾರೆ.

ಪೀಠ, ಅಧಿವೇಶನ, ಭಾಷೆ

ಲೋಕಸಭೆಯ ಪೀಠದಲ್ಲಿ ಸದಸ್ಯರೇ ಆರಿಸಿದ ಸಭಾಧ್ಯಕ್ಷರೂ, ರಾಜ್ಯಸಭೆಯ ಪೀಠದಲ್ಲಿ ಪದನಿಮಿತ್ತ ಸಭಾಪತಿಯಾದ ಉಪರಾಷ್ಟ್ರಪತಿಯೂ ಕುಳಿತುಕೊಳ್ಳುತ್ತಾರೆ. ಕರ್ನಾಟಕದ ಬಿ.ಡಿ. ಜತ್ತಿಯವರು 1974ರಿಂದ 1979ರವರೆಗೆ ಸಭಾಪತಿಯಾಗಿದ್ದರು, ಮೈಸೂರಿನ ಎಸ್.ವಿ. ಕೃಷ್ಣಮೂರ್ತಿರಾಯರು ರಾಜ್ಯಸಭೆಯ ಪ್ರಥಮ ಉಪಸಭಾಪತಿಯಾಗಿದ್ದು, 1962ರಲ್ಲಿ ಲೋಕಸಭೆಯ ಉಪಾಧ್ಯಕ್ಷರಾದರು. ಎರಡು ಅಧಿವೇಶನಗಳ ನಡುವೆ ಆರು ತಿಂಗಳು ಕಳೆಯಕೂಡದು. ಸದನ ನಡೆಯಲು ಹತ್ತನೆಯ ಒಂದು ಭಾಗದ ಸದಸ್ಯರಾದರೂ ಹಾಜರಿರಬೇಕು.

ಸಂಸತ್ತಿನ ವ್ಯವಹಾರ ಹಿಂದಿ ಅಥವಾ ಇಂಗ್ಲಿಷಿನಲ್ಲಿ ನಡೆಯತಕ್ಕದ್ದಾದರೂ, ಅವುಗಳಲ್ಲಿ ತನ್ನ ಅಭಿಪ್ರಾಯವನ್ನು ಸರಿಯಾಗಿ ಹೇಳಲಾರದ ಸದಸ್ಯನಿಗೆ ಮಾತೃಭಾಷೆಯಲ್ಲಿ ಮಾತನಾಡಲು ಪೀಠ ಅನುಮತಿ ಕೊಡಬಹುದೆಂದು 120ನೆಯ ಅನುಚ್ಛೇದ ಹೇಳುತ್ತದೆ. 1967ರಲ್ಲಿ ಶಿವಮೊಗ್ಗದಿಂದ ಆಯ್ಕೆಯಾದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಭಾಷಣ ಮಾಡಿ ಪ್ರಸಿದ್ಧರಾದರು.

ಶಾಸನಕ್ರಮ

ಸಂಸತ್ತಿನ ಮುಂದೆ ಬರುವ ಮಸೂದೆಗಳನ್ನು ಸಾಮಾನ್ಯ ಮಸೂದೆ, ಧನ ಮಸೂದೆ, ಸಂವಿಧಾನ ತಿದ್ದುಪಡಿ ಮಸೂದೆ ಎಂದು ಸ್ಥೂಲವಾಗಿ ವಿಂಗಡಿಸಬಹುದು. ಸಾಮಾನ್ಯ ಮಸೂದೆಯನ್ನು ಯಾವ ಸದನದಲ್ಲಾದರೂ ಮಂತ್ರಿಯಾಗಲಿ ಇತರ ಸದಸ್ಯರಾಗಲಿ ಮಂಡಿಸಬಹುದು. ಪ್ರತಿ ಸದನದಲ್ಲಿಯೂ ಅದಕ್ಕೆ ಮೂರು ವಾಚನಗಳುಂಟು. ಮೊದಲನೆಯ ವಾಚನವೆಂದರೆ ಮಂಡನೆ. ಆ ಘಟ್ಟದಲ್ಲಿ ಚರ್ಚೆ ಅಪರೂಪ. ಆಮೇಲೆ ಪೀಠಾಧಿಕಾರಿ ಮಸೂದೆಯನ್ನು ಸಂಬಂಧಪಟ್ಟ ಇಲಾಖೆಯ ಸ್ಥಾಯೀಸಮಿತಿಗೆ ಒಪ್ಪಿಸಬಹುದು. 1993ರಲ್ಲಿ ಆರಂಭವಾದ ಈ ಸಮಿತಿಗಳು ಈಗ 24 ಇದ್ದು, ಒಂದೊಂದರಲ್ಲಿ ಲೋಕಸಭೆಯ 21, ರಾಜ್ಯಸಭೆಯ 10 ಸದಸ್ಯರಿರುತ್ತಾರೆ. ಸದನದ ಗದ್ದಲದಿಂದ ದೂರವಾಗಿ, ಅಧಿಕಾರಿಗಳನ್ನೂ ತಜ್ಞರನ್ನೂ ಕರೆಸಿ, ಪಕ್ಷಭೇದವನ್ನು ಸಾಧ್ಯವಾದಷ್ಟು ಬದಿಗಿಟ್ಟು ವಿಚಾರಿಸುವ ಅವಕಾಶ ಅಲ್ಲಿರುವುದರಿಂದ, ಸಂಸತ್ತಿನ ನಿಜವಾದ ಕಾರ್ಯಾಗಾರ ಸಮಿತಿಯ ಕೊಠಡಿಯೇ ಎಂದರೆ ಅತಿಶಯೋಕ್ತಿಯಾಗದು.

ಎರಡನೆಯ ವಾಚನದಲ್ಲಿ ಮೊದಲು ಮಸೂದೆಯ ತತ್ತ್ವವೂ ಅನಂತರ ಒಂದೊಂದೇ ಖಂಡವೂ ಚರ್ಚೆಗೆ ಬರುತ್ತವೆ. ಎರಡನೆಯ ಖಂಡದಿಂದ ಆರಂಭಿಸಿ, ಈ ಖಂಡ ಮಸೂದೆಯ ಅಂಗವಾಗಬೇಕೆ ಎಂದು ಪೀಠದಿಂದ ಪ್ರಶ್ನೆ ಹೊರಡುತ್ತದೆ. ಪರವಾದವರೂ ವಿರೋಧಿಗಳೂ ಬಾಯಿಮಾತಿನಲ್ಲಿ ಉತ್ತರಿಸುತ್ತಾರೆ. ಧ್ವನಿಮತದ ತೀರ್ಪನ್ನು ಒಪ್ಪದ ಸದಸ್ಯರು ಮತವಿಭಜನೆಯನ್ನು ಕೇಳಬಹುದು. ಕಾಯಿದೆಯ ಸಂಕ್ಷಿಪ್ತ ನಾಮವಿರುವ ಮೊದಲನೆಯ ಖಂಡವನ್ನೂ ಶೀರ್ಷಿಕೆಯನ್ನೂ ಕಟ್ಟಕಡೆಗೆ ಒಪ್ಪುವುದು ಪದ್ಧತಿ. ಮೂರನೆಯ ವಾಚನದಲ್ಲಿ ಇಡೀ ಮಸೂದೆಯನ್ನು ಅಂಗೀಕರಿಸುವುದೋ ತಿರಸ್ಕರಿಸುವುದೋ ಎಂಬುದೊಂದೇ ಪ್ರಶ್ನೆ. ಅಂಗೀಕೃತವಾದ ಮಸೂದೆ ಇನ್ನೊಂದು ಸದನಕ್ಕೆ ಹೋಗಿ ಇದೇ ಮೂರು ವಾಚನಗಳನ್ನು ಹಾಯುತ್ತದೆ. ಕೊನೆಗೆ ರಾಷ್ಟ್ರಪತಿ ಅಂಕಿತ ಹಾಕಬಹುದು, ತಡೆಹಿಡಿಯಬಹುದು, ಅಥವಾ ಧನ ಮಸೂದೆಯಲ್ಲದಿದ್ದರೆ ಪುನರ್ವಿಚಾರಕ್ಕೆ ಹಿಂದಿರುಗಿಸಬಹುದು. ಸದನಗಳು ಮತ್ತೆ ಅಂಗೀಕರಿಸಿ ಕಳುಹಿಸಿದರೆ ಅಂಕಿತವನ್ನು ನಿರಾಕರಿಸುವಂತಿಲ್ಲ.

ತೆರಿಗೆ, ಸಾಲ, ಸಂಚಿತ ನಿಧಿಯ ವೆಚ್ಚಗಳಿಗೆ ಮಾತ್ರ ಸಂಬಂಧಿಸಿದ ಧನ ಮಸೂದೆ ಲೋಕಸಭೆಯಲ್ಲಿಯೇ ಹುಟ್ಟತಕ್ಕದ್ದು. ಮಸೂದೆ ಆ ಜಾತಿಯದೇ ಎಂಬುದನ್ನು ತೀರ್ಮಾನಿಸುವವರು ಸಭಾಧ್ಯಕ್ಷರು. ರಾಜ್ಯಸಭೆ ಅದನ್ನು 14 ದಿನಗಳೊಳಗೆ ಶಿಫಾರಸುಗಳೊಡನೆ ಹಿಂದಿರುಗಿಸಬಹುದಷ್ಟೇ; ಆ ಶಿಫಾರಸುಗಳನ್ನು ಒಪ್ಪುವುದೂ ಬಿಡುವುದೂ ಲೋಕಸಭೆಯ ಇಚ್ಛೆ.

ಸಾಮಾನ್ಯ ಮಸೂದೆಯಲ್ಲಿ ಸದನಗಳು ಭಿನ್ನಾಭಿಪ್ರಾಯಪಟ್ಟರೆ, ಅಥವಾ ಒಂದು ಸದನದಲ್ಲಿ ಅದು ಆರು ತಿಂಗಳು ಹಾಗೆಯೇ ಉಳಿದರೆ, ರಾಷ್ಟ್ರಪತಿ ಎರಡನ್ನೂ ಜಂಟಿಯಾಗಿ ಸೇರಿಸಬಹುದು. ಅಲ್ಲಿ ಸಂಖ್ಯಾಬಲದಿಂದ ಲೋಕಸಭೆಯದೇ ಮೇಲುಗೈ. ಈ ಉಪಾಯವನ್ನು ಬಳಸಿದುದು ಮೂರೇ ಸಲ: 1961ರಲ್ಲಿ ವರದಕ್ಷಿಣೆ ನಿಷೇಧಕ್ಕೆ, 1978ರಲ್ಲಿ ಬ್ಯಾಂಕಿಂಗ್ ಸೇವಾ ಆಯೋಗದ ರದ್ದತಿಗೆ, 2002ರಲ್ಲಿ ಭಯೋತ್ಪಾದನಾ ನಿಗ್ರಹ ಮಸೂದೆಗೆ. ಎರಡನೆಯ ಸಂದರ್ಭದಲ್ಲಿ ಲೋಕಸಭೆಯ ಅಧ್ಯಕ್ಷರಾಗಿದ್ದವರು ಕರ್ನಾಟಕದ ಕೆ.ಎಸ್. ಹೆಗ್ಡೆಯವರು.

ಸಂವಿಧಾನ ತಿದ್ದುಪಡಿಗೆ ಜಂಟಿ ಅಧಿವೇಶನವಿಲ್ಲ. ಪ್ರತಿ ಸದನವೂ ತನ್ನ ಒಟ್ಟು ಸದಸ್ಯರ ಬಹುಮತದಿಂದಲೂ, ಹಾಜರಿದ್ದು ಮತ ನೀಡಿದವರ ಮೂರನೆಯ ಎರಡು ಭಾಗದಿಂದಲೂ ಬೇರೆ ಬೇರೆಯಾಗಿ ಒಪ್ಪಬೇಕು. ಮಹಿಳಾ ಮೀಸಲಾತಿಯ ಮಸೂದೆಯ ಚರಿತ್ರೆ ಈ ಕ್ರಮದ ದೈರ್ಘ್ಯಕ್ಕೆ ಉತ್ತಮ ದೃಷ್ಟಾಂತ. ದೇವೇಗೌಡರ ಸರ್ಕಾರ 1996ರ ಸೆಪ್ಟೆಂಬರಿನಲ್ಲಿ ಅದನ್ನು ಮೊದಲು ಮಂಡಿಸಿತು. ಲೋಕಸಭೆ ವಿಸರ್ಜಿತವಾದಾಗ ಅಲ್ಲಿದ್ದ ಮಸೂದೆಗಳು ಲೋಪವಾಗುವುವಾದ್ದರಿಂದ, 2008ರಲ್ಲಿ ಅದನ್ನು ವಿಸರ್ಜನೆಯಿಲ್ಲದ ರಾಜ್ಯಸಭೆಯಲ್ಲಿ ಮಂಡಿಸಲಾಯಿತು. 2010ರಲ್ಲಿ ರಾಜ್ಯಸಭೆ ಅಂಗೀಕರಿಸಿ ಕಳುಹಿಸಿದ ಆ ಮಸೂದೆ ಲೋಕಸಭೆಯಲ್ಲಿ ಕೊಳೆತು 2014ರ ವಿಸರ್ಜನೆಯೊಡನೆ ಬಿದ್ದುಹೋಯಿತು. ಹೊಸದಾಗಿ ರಚಿತವಾದ ಮಸೂದೆಯನ್ನು 2023ರ ಸೆಪ್ಟೆಂಬರ್ 20ರಂದು ಲೋಕಸಭೆಯೂ ಮರುದಿನ ರಾಜ್ಯಸಭೆಯೂ ಅಂಗೀಕರಿಸಿದವು.

ತೆಂಗಿನ ಶಾಸನ: ಒಂದು ನಿದರ್ಶನ

ಕೃಷಿಯೂ ಸಂತೆ-ಮಾರುಕಟ್ಟೆಗಳೂ ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯಪಟ್ಟಿಗೆ ಸೇರಿದವು. ಹಾಗಿದ್ದೂ ಸಂಸತ್ತು 1979ರಲ್ಲಿ ತೆಂಗು ಅಭಿವೃದ್ಧಿ ಮಂಡಲಿ ಅಧಿನಿಯಮವನ್ನು ಮಾಡಿತು. ಸಾರ್ವಜನಿಕ ಹಿತಕ್ಕಾಗಿ ತೆಂಗಿನ ಉದ್ಯಮವನ್ನು ಒಕ್ಕೂಟದ ನಿಯಂತ್ರಣಕ್ಕೆ ತೆಗೆದುಕೊಳ್ಳುವುದು ಯುಕ್ತವೆಂಬ ಘೋಷಣೆಯನ್ನು ಅದರ ಆರಂಭದಲ್ಲಿಯೇ ಇಟ್ಟಿರುವುದು, ಶಾಸನಾಧಿಕಾರದ ಈ ತೊಡಕನ್ನು ದಾಟುವುದಕ್ಕಾಗಿ. 1981ರ ಜನವರಿಯಲ್ಲಿ ಸ್ಥಾಪಿತವಾಗಿ ಕೊಚ್ಚಿಯಲ್ಲಿ ನೆಲೆಗೊಂಡ ಈ ಮಂಡಲಿಯಲ್ಲಿ ತೆಂಗು ಬೆಳೆಯುವ ರಾಜ್ಯಗಳ ಸರ್ಕಾರಗಳಿಗೆ ಪ್ರಾತಿನಿಧ್ಯವಿರುವುದಲ್ಲದೆ, ಲೋಕಸಭೆ ಚುನಾಯಿಸಿದ ಇಬ್ಬರೂ ರಾಜ್ಯಸಭೆ ಚುನಾಯಿಸಿದ ಒಬ್ಬರೂ ಸದಸ್ಯರಾಗಿರುತ್ತಾರೆ. ಅಧಿನಿಯಮದ ಮೇರೆಗೆ ಸರ್ಕಾರ ಮಾಡುವ ನಿಯಮಗಳನ್ನು ಎರಡು ಸದನಗಳ ಮುಂದೆಯೂ ಇಡತಕ್ಕದ್ದು; ಸಂಸತ್ತು ತಾನು ಬಿಟ್ಟುಕೊಟ್ಟ ಅಧಿಕಾರದ ಮೇಲೆ ಕಣ್ಣಿಡುವ ಕ್ರಮವಿದು.

ಆದರೆ ತಿಪಟೂರು ಸೀಮೆಯ ಬೆಳೆಗಾರ ತನ್ನ ಕಾಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಲು ಬಿಟ್ಟು, ಸುಲಿದು, ಒಡೆದು, ಉಂಡೆ ಕೊಬ್ಬರಿಯಾಗಿ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ (ಎಪಿಎಂಸಿ) ಯಾರ್ಡಿಗೆ ತಂದಾಗ ಅವನನ್ನು ನೇರವಾಗಿ ತಟ್ಟುವ ಬೆಂಬಲ ಬೆಲೆಯು ಸಂಸತ್ತಿನ ಶಾಸನವಲ್ಲ. ಕೇಂದ್ರ ಮಂತ್ರಿಮಂಡಲದ ನಿರ್ಧಾರ. 2025ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,100 ರೂಪಾಯಿಗಳನ್ನೂ, ಎಣ್ಣೆ ತೆಗೆಯುವ ಕೊಬ್ಬರಿಗೆ 11,582 ರೂಪಾಯಿಗಳನ್ನೂ ಗೊತ್ತುಮಾಡಿದುದು ಹೀಗೆಯೇ. ಇಂಥ ವಿಷಯದಲ್ಲಿ ಸದನಗಳ ಅಧಿಕಾರ ನಡೆಯುವುದು ಪರೋಕ್ಷವಾಗಿ: ಪ್ರಶ್ನೋತ್ತರ ವೇಳೆಯಲ್ಲಿ ಮಂತ್ರಿಯಿಂದ ಉತ್ತರ ಪಡೆಯುವುದರಿಂದ, ಶೂನ್ಯವೇಳೆಯಲ್ಲಿ ತುರ್ತು ಪ್ರಸ್ತಾಪ ಎತ್ತುವುದರಿಂದ, ಬೇಡಿಕೆಗಳ ಮೇಲಿನ ಚರ್ಚೆಯಿಂದ. ಶಾಸನ ರಚನೆಯಷ್ಟೇ ಸಂಸತ್ತಿನ ಕೆಲಸವೆಂದು ಭಾವಿಸುವುದು ಆದುದರಿಂದ ಅರ್ಧ ತಿಳಿವಳಿಕೆ.

ಕರ್ನಾಟಕದ ಎರಡನೆಯ ಸದನ

ಭಾರತದ ಆರು ರಾಜ್ಯಗಳಲ್ಲಿ ಮಾತ್ರ ಈಗ ವಿಧಾನಪರಿಷತ್ತುಂಟು, ಕರ್ನಾಟಕ ಅವುಗಳಲ್ಲೊಂದು. ಇಲ್ಲಿನ ಪರಿಷತ್ತಿನ 75 ಸದಸ್ಯರಲ್ಲಿ 25 ಮಂದಿಯನ್ನು ಶಾಸಕರೂ, 25 ಮಂದಿಯನ್ನು ಸ್ಥಳೀಯ ಸಂಸ್ಥೆಗಳ ಸದಸ್ಯರೂ, ತಲಾ 7 ಮಂದಿಯನ್ನು ಪದವೀಧರರೂ ಶಿಕ್ಷಕರೂ ಆರಿಸುತ್ತಾರೆ. 11 ಮಂದಿ ನಾಮಕರಣಗೊಳ್ಳುತ್ತಾರೆ. ಗ್ರಾಮ ಪಂಚಾಯಿತಿಯ ಸದಸ್ಯನಿಗೂ ಇಲ್ಲಿ ಮತವುಂಟು. ತುಮಕೂರು ಜಿಲ್ಲೆಯ ಪದವೀಧರರೂ ಶಿಕ್ಷಕರೂ ಆಗ್ನೇಯ ಕ್ಷೇತ್ರಗಳಿಗೆ ಸೇರಿದವರು.

ಅಧಿಕಾರದಲ್ಲಿ ಪರಿಷತ್ತು ರಾಜ್ಯಸಭೆಗಿಂತ ದುರ್ಬಲ. ಜಂಟಿ ಅಧಿವೇಶನದ ಅವಕಾಶವಿಲ್ಲ. ಸಾಮಾನ್ಯ ಮಸೂದೆಯನ್ನು ಅದು ಮೊದಲ ಸಲ ಮೂರು ತಿಂಗಳು, ವಿಧಾನಸಭೆ ಮತ್ತೆ ಅಂಗೀಕರಿಸಿ ಕಳುಹಿಸಿದರೆ ಒಂದು ತಿಂಗಳು ತಡೆಯಬಹುದಷ್ಟೇ. ಹಿಂದೂ ಧಾರ್ಮಿಕ ಸಂಸ್ಥೆಗಳ ತಿದ್ದುಪಡಿ ಮಸೂದೆಯನ್ನು 2024ರ ಫೆಬ್ರವರಿಯಲ್ಲಿ ಪರಿಷತ್ತು ತಿರಸ್ಕರಿಸಿದಾಗ, ವಿಧಾನಸಭೆ ಕೆಲವೇ ದಿನಗಳಲ್ಲಿ ಅದನ್ನು ಮರಳಿ ಅಂಗೀಕರಿಸಿತು. ವಿಧಾನಸಭೆಯ ನಿರ್ಣಯವೂ ಸಂಸತ್ತಿನ ಕಾಯಿದೆಯೂ ಕೂಡಿದರೆ ಪರಿಷತ್ತನ್ನೇ ರದ್ದುಮಾಡಬಹುದು. ಆಂಧ್ರಪ್ರದೇಶ 1985ರಲ್ಲಿ ಹಾಗೆ ತೆಗೆದುಹಾಕಿ 2007ರಲ್ಲಿ ಪುನಃ ಸ್ಥಾಪಿಸಿಕೊಂಡಿತು.

ವಿಮರ್ಶೆ

ಎರಡನೆಯ ಸದನವಿಲ್ಲದೆಯೂ ಪ್ರಜಾಪ್ರಭುತ್ವ ಸಾಗಬಲ್ಲುದೆಂಬುದಕ್ಕೆ, 1950ರಲ್ಲಿ ಅದನ್ನು ಕೈಬಿಟ್ಟ ನ್ಯೂಜಿಲೆಂಡೂ 1953ರಲ್ಲಿ ಕೈಬಿಟ್ಟ ಡೆನ್ಮಾರ್ಕೂ ಪ್ರಮಾಣ. ಭಾರತದ ರಾಜ್ಯಸಭೆಯ ಮೇಲಿನ ಆಕ್ಷೇಪಗಳಲ್ಲಿ ಮುಖ್ಯವಾದುದೆಂದರೆ, 2003ರ ತಿದ್ದುಪಡಿಯಿಂದ ಅಭ್ಯರ್ಥಿ ಆಯಾ ರಾಜ್ಯದ ನಿವಾಸಿಯಾಗಿರಬೇಕೆಂಬ ನಿಯಮ ಹೋದಮೇಲೆ ರಾಜ್ಯಗಳ ಸಭೆಯೆಂಬ ಲಕ್ಷಣ ಕ್ಷೀಣಿಸಿತೆಂಬುದು. ಸರ್ವೋಚ್ಚ ನ್ಯಾಯಾಲಯ 2006ರಲ್ಲಿ ಈ ತಿದ್ದುಪಡಿಯನ್ನು ಎತ್ತಿಹಿಡಿದರೂ ಆಕ್ಷೇಪ ಶಮನವಾಗಿಲ್ಲ.

ಇದಕ್ಕಿಂತ ಗಹನವಾದ ಪ್ರಶ್ನೆ, ಎರಡನೆಯ ವಿಚಾರಣೆ ನಿಜವಾಗಿ ನಡೆಯುತ್ತದೆಯೇ ಎಂಬುದು. ಕೃಷಿ ಮಾರುಕಟ್ಟೆಯ ಶಾಸನದಲ್ಲಿ ಇದಕ್ಕೆ ಎರಡು ವಿರುದ್ಧ ದೃಷ್ಟಾಂತಗಳು ದೊರೆಯುತ್ತವೆ. ರೈತರ ಉತ್ಪನ್ನ ವ್ಯಾಪಾರದ ಕೇಂದ್ರ ಮಸೂದೆ 2020ರ ಸೆಪ್ಟೆಂಬರ್ 17ರಂದು ಲೋಕಸಭೆಯಲ್ಲಿ ಅಂಗೀಕೃತವಾಯಿತು. ಸ್ಥಾಯೀಸಮಿತಿಗೆ ಹೋಗದೆ, ಮತವಿಭಜನೆಯ ಕೋರಿಕೆಯ ಗದ್ದಲದ ನಡುವೆ, 20ರಂದು ಧ್ವನಿಮತದಿಂದ ಅದು ರಾಜ್ಯಸಭೆಯನ್ನೂ ದಾಟಿತು; ಒಂದು ವರ್ಷಕ್ಕೂ ಮಿಕ್ಕಿದ ರೈತ ಚಳವಳಿಯ ತರುವಾಯ 2021ರ ನವೆಂಬರ್ 29ರಂದು ಎರಡು ಸದನಗಳೂ ಒಂದೇ ದಿನದಲ್ಲಿ ಅದನ್ನೂ ಅದರ ಸಂಗಡದ ಕಾಯಿದೆಗಳನ್ನೂ ರದ್ದುಗೊಳಿಸಿದವು. ಇತ್ತ ಕರ್ನಾಟಕದಲ್ಲಿ, ಎಪಿಎಂಸಿ ಕಾಯಿದೆಗೆ 2020ರಲ್ಲಿ ಆದ ಬದಲಾವಣೆಯನ್ನು ಹಿಂದೆಗೆಯುವ ಮಸೂದೆ 2023ರ ಜುಲೈಯಲ್ಲಿ ಬಂದಾಗ, ವಿಧಾನಪರಿಷತ್ತು ಅದನ್ನು ಪರಿಶೀಲನಾ ಸಮಿತಿಗೆ ಒಪ್ಪಿಸಿತು. ಅದರ ಹಿಂದೆ ಪಕ್ಷಗಳ ಬಲಾಬಲದ ಲೆಕ್ಕಾಚಾರವೂ ಇತ್ತೆಂಬುದು ನಿಜ. ಆದರೂ ಕೊಬ್ಬರಿಯನ್ನು ಯಾರ್ಡಿನ ಹರಾಜಿನಲ್ಲಿ ಮಾರಬೇಕೋ ಹೊರಗೆ ಮಾರಬಹುದೋ ಎಂಬ ಪ್ರಶ್ನೆ ತುಸುಕಾಲ ಹೆಚ್ಚಿನ ವಿಚಾರಕ್ಕೆ ಒಳಗಾಯಿತು. ಅಧಿಕಾರದಲ್ಲಿ ಬಲವಾದ ಸದನ ತನ್ನ ಅವಕಾಶವನ್ನು ಬಳಸದೆ ಹೋದುದೂ, ದುರ್ಬಲವಾದ ಸದನ ಇರುವಷ್ಟನ್ನು ಬಳಸಿಕೊಂಡುದೂ ಇಲ್ಲಿ ಗಮನಾರ್ಹ. ಸಂವಿಧಾನವು ಎರಡನೆಯ ಸದನವನ್ನು ಒದಗಿಸಬಲ್ಲುದೇ ಹೊರತು ಎರಡನೆಯ ವಿಚಾರಣೆಯನ್ನು ಒದಗಿಸಲಾರದು. ಮಸೂದೆಗಳನ್ನು ಸಮಿತಿಗೆ ಒಪ್ಪಿಸುವುದು ಇಂದಿಗೂ ಕಡ್ಡಾಯವಲ್ಲವಾದುದರಿಂದ, ಆ ವಿಚಾರಣೆ ಪೀಠಾಧಿಕಾರಿಯ ವಿವೇಚನೆಗೂ, ಖಂಡಖಂಡವಾಗಿ ಓದಿ ಬರುವ ಸದಸ್ಯರ ಶ್ರದ್ಧೆಗೂ, ಅಂಥವರನ್ನೇ ಆರಿಸಿ ಕಳುಹಿಸುವ ಮತದಾರರಿಗೂ ಬಿಟ್ಟ ಹೊಣೆಯಾಗಿ ಉಳಿದಿದೆ.